ಅಟ್ಟದಿಂದ ಇಳಿಸಿದ ಪೆಂಟಿಯಂಗೆ ನೆಟ್‌ಸ್ಕೇಪ್ ಹಾಕಬೇಕು, ದಾರಿ ಹೇಳಿ

ಹಾಳೆಟೋಪಿ (ತೀರ್ಥಹಳ್ಳಿ ಹತ್ತಿರ)

ಮಳೆ ಹಿಡಿಯುವ ಮುಂಚೆ ಅಟ್ಟ ಗುಡಿಸುವಾಗ ಚಿಕ್ಕಪ್ಪನ ಹಳೇ ಕಂಪ್ಯೂಟರ್ ಸಿಕ್ಕಿತು. ಒಂದು ಕಾಲದಲ್ಲಿ ಬಿಳಿ ಇದ್ದ ಡಬ್ಬ ಈಗ ಹಳೇ ತುಪ್ಪದ ಬಣ್ಣ. ಪೆಂಟಿಯಂ ಎಂಎಂಎಕ್ಸ್ 200, 32 ಎಂಬಿ ರ್‍ಯಾಮ್, ವಿಂಡೋಸ್ 95. ಒಳಗೆ ಜೇಡರ ಬಲೆ, ಜೊತೆಗೆ ಎರಡು ಹಲ್ಲಿ ಮೊಟ್ಟೆ. ಬ್ರಶ್ ಹೊಡೆದು ಪ್ಲಗ್ ಹಾಕಿದರೆ ಆನ್ ಆಗಿಯೇ ಬಿಟ್ಟಿತು! ತಾರೀಖು ಮಾತ್ರ 1980 ಅಂತಿದೆ. ಹತ್ತು ನಿಮಿಷಕ್ಕೊಮ್ಮೆ ನೀಲಿ ಪರದೆ ಬರುತ್ತದೆ.

ಮಗಳು ಎಂಟನೇ ಕ್ಲಾಸು. "ಅಪ್ಪಾ, ಇದರಲ್ಲಿ ಇಂಟರ್ನೆಟ್ ಬರ್ತಿತ್ತಾ?" ಅಂತ ಕೇಳಿದಳು. ಬರುತ್ತಿತ್ತು ಕಣೇ ಅಂದರೆ ನಂಬುವುದಿಲ್ಲ. ಹಾಗಾಗಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ 95 ಹಾಕಿ, ಅದರ ಮೇಲೆ ಮೊಸಾಯಿಕ್ ಅಥವಾ ನೆಟ್‌ಸ್ಕೇಪ್ ಅನ್ನೋ ಹಳೇ ಬ್ರೌಸರ್ ಹಾಕಿ ತೋರಿಸೋಣ ಅಂತಿದ್ದೇನೆ. ಯಾವುದು ಸುಲಭ? ಇವತ್ತಿನ ಯಾವುದಾದರೂ ಪುಟ ಅದರಲ್ಲಿ ತೆರೆಯುತ್ತದಾ? ಈ ಭಾನುವಾರ ಫಾರ್ಮ್ಯಾಟ್ ಮಾಡುವವನಿದ್ದೇನೆ.

ಕೆಂಪುಮೋಡೆಮ್ (ಶಿವಮೊಗ್ಗ)

ಮಾರಾಯ್ರೆ, ಫಾರ್ಮ್ಯಾಟ್ ಮಾಡಬೇಡಿ. ದಯವಿಟ್ಟು. ಆಮೇಲೆ ಬೇಕಾದರೆ ಬೈಯಿರಿ.

ಮೊದಲು ಆ ಡಿಸ್ಕ್ ಬಿಚ್ಚಿ. ಐಡಿಇಯಿಂದ (ಹಳೇ ಡಿಸ್ಕಿನ ಜೋಡಣೆ) ಯುಎಸ್‌ಬಿಗೆ ಹಾಕುವ ಕೇಬಲ್ ಸಿಗುತ್ತದೆ, ತುಟ್ಟಿಯೇನಲ್ಲ. ಅದರಲ್ಲಿ ಈಗಿನ ಲ್ಯಾಪ್‌ಟಾಪಿಗೆ ಹಾಕಿ ಇಡೀ ಡಿಸ್ಕಿನ ನಕಲು ತೆಗೆಯಿರಿ. ಇಪ್ಪತ್ತೈದು ವರ್ಷ ಸುಮ್ಮನಿದ್ದ ಡಿಸ್ಕ್ ಅದು, ಇನ್ನೆಷ್ಟು ಸಲ ತಿರುಗುತ್ತದೋ ಅದಕ್ಕೇ ಗೊತ್ತಿಲ್ಲ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಅಲ್ವಾ?

ಹೊಸದಾಗಿ ವಿಂಡೋಸ್ ಹಾಕಲು ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಒಂದು ತಗೊಳ್ಳಿ. ಐಡಿಇ ಅಡಾಪ್ಟರ್ ಹಾಕಿದರೆ ಅದೇ ಹಾರ್ಡ್ ಡಿಸ್ಕ್ ತರಹ ಕೆಲಸ ಮಾಡುತ್ತದೆ. 2 ಜಿಬಿ ಕಾರ್ಡು ಧಾರಾಳ ಸಾಕು. ಹಳೇ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡಿ.

1980 ತಾರೀಖು ಅಂದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ ಅಂತ ಅರ್ಥ. ದುಂಡನೆಯ ಸಿಆರ್2032 ಇದ್ದರೆ ಗೋಡೆ ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಇಂಬಳ (ಹೊಸನಗರ)

ಬ್ಯಾಟರಿ ಬಿಡಿ, ಮೊದಲು ಮೊಸಾಯಿಕ್ ಅನ್ನೋ ಆಸೆ ಬಿಡಿ. ನಾನು ಒಮ್ಮೆ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಹಾಕುವುದು ಸುಲಭ. ಆದರೆ ಈಗ ಒಂದೇ ಸರ್ವರಿನಲ್ಲಿ ನೂರಾರು ತಾಣ ಇರುತ್ತವೆ. ಯಾವ ತಾಣ ಬೇಕು ಅಂತ ಬ್ರೌಸರ್ ಹೆಸರು ಹೇಳಿ ಕೇಳಬೇಕು. ಹಳೇ ಮೊಸಾಯಿಕ್‌ಗೆ ಆ ಅಭ್ಯಾಸವೇ ಇಲ್ಲ. ಒಂದೇ ವಠಾರದ ಇಪ್ಪತ್ತು ಮನೆಗೆ ಒಂದೇ ಬಾಗಿಲು, ನೀವು ಬಾಗಿಲು ತಟ್ಟಿ ಯಾರು ಬೇಕು ಅಂತ ಹೇಳದೇ ನಿಂತ ಹಾಗೆ.

ನೆಟ್‌ಸ್ಕೇಪ್ ಹೆಸರು ಹೇಳುತ್ತದೆ. ಅದೇ ಹಾಕಿ.

ಮೇಷ್ಟ್ರು_ಕೊಪ್ಪ

ಮಗಳಿಗೆ ತೋರಿಸುವುದಾದರೆ ಕಥೆಯನ್ನೂ ಹೇಳಿ ಹಾಳೆಟೋಪಿಯವರೇ. ಮಕ್ಕಳಿಗೆ ಕಥೆ ಇಲ್ಲದೆ ಮಷಿನ್ ಮಾತ್ರ ತೋರಿಸಿದರೆ ಅದು ಗುಜರಿ.

ವೆಬ್ ಶುರುವಾಗಿದ್ದು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ಬ್ರೌಸರ್ ಬರೆದರು. ಅದು ನೆಕ್ಸ್ಟ್ ಅನ್ನೋ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಜನರ ಕೈಗೆ ವೆಬ್ ಸಿಕ್ಕಿದ್ದು 1993ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಮೊಸಾಯಿಕ್ ಬಂದ ಮೇಲೆ. ಬರೆದವರು ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ. ಅಕ್ಷರದ ನಡುವೆಯೇ ಚಿತ್ರ ತೋರಿಸುವುದನ್ನು ಮನೆಮಾತು ಮಾಡಿದ್ದು ಅದೇ. ಆಂಡ್ರೀಸನ್ ಅಲ್ಲಿಂದ ಹೊರಬಂದು ಜಿಮ್ ಕ್ಲಾರ್ಕ್ ಜೊತೆ ಸೇರಿ ಕಂಪನಿ ಮಾಡಿದರು. ಹೆಸರು ಮೊಸಾಯಿಕ್ ಕಮ್ಯುನಿಕೇಷನ್ಸ್. ವಿಶ್ವವಿದ್ಯಾಲಯ ತಕರಾರು ಮಾಡಿದ ಮೇಲೆ ನೆಟ್‌ಸ್ಕೇಪ್ ಅಂತಾಯಿತು. 1.0 ಬಂದಿದ್ದು 1994ರ ಡಿಸೆಂಬರ್.

ಮಜಾ ಏನು ಗೊತ್ತಾ? ಮುಂದೆ ನೆಟ್‌ಸ್ಕೇಪನ್ನು ಮುಳುಗಿಸಿದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದೇ ಮನೆತನದ್ದು. ಸ್ಪೈಗ್ಲಾಸ್ ಅನ್ನೋ ಕಂಪನಿ ಮೂಲಕ ಮೊಸಾಯಿಕ್ ಕೋಡಿಗೆ ಪರವಾನಗಿ ಪಡೆದು ಮೈಕ್ರೋಸಾಫ್ಟ್ ಅದನ್ನು ಕಟ್ಟಿತು. ಹಳೇ ಎಕ್ಸ್‌ಪ್ಲೋರರಿನ ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ ನೋಡಿ, ಮೊಸಾಯಿಕ್ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ದಾಯಾದಿ ಜಗಳ!

ಇಂಬಳ

ದಾಯಾದಿ ಜಗಳ ಅಲ್ಲ ಮೇಷ್ಟ್ರೇ, ಆಸ್ತಿ ಕಬಳಿಸಿದ್ದು. ವಿಂಡೋಸ್ ಜೊತೆಗೇ ಬ್ರೌಸರ್ ಪುಕ್ಕಟೆ ಕೊಟ್ಟರೆ ಬೇರೆಯದನ್ನು ಯಾರು ಹಾಕ್ತಾರೆ? 1998ರಲ್ಲಿ ಅಮೆರಿಕ ಸರ್ಕಾರವೇ ಕೇಸು ಹಾಕಲಿಲ್ಲವಾ?

ಸಾಗರದಾಕೆ

ಕೇಸು ಹೌದು. ಆದರೆ ಸತ್ಯ ಹೇಳಬೇಕು ಅಂದರೆ ನೆಟ್‌ಸ್ಕೇಪ್ 4 ಕೂಡ ಸುಖ ಇರಲಿಲ್ಲ. ಕಿಟಕಿಯ ಅಂಚು ಸ್ವಲ್ಪ ಎಳೆದು ಅಗಲ ಮಾಡಿದರೆ ಇಡೀ ಪುಟ ಮತ್ತೆ ಮೊದಲಿಂದ ಲೋಡ್ ಆಗುತ್ತಿತ್ತು. ಟೇಬಲ್ ಒಳಗೆ ಟೇಬಲ್ ಇದ್ದರೆ ಗಂಟಲಲ್ಲಿ ಮುಳ್ಳು ಸಿಕ್ಕ ಹಾಗೆ ನಿಂತುಬಿಡುತ್ತಿತ್ತು. ನಾನು 1999ರಲ್ಲಿ ಎಕ್ಸ್‌ಪ್ಲೋರರ್ 5ಕ್ಕೆ ಹೋದವಳು ಪ್ರೀತಿಯಿಂದ ಹೋಗಿದ್ದಲ್ಲ, ತಲೆನೋವಿನಿಂದ ಹೋಗಿದ್ದು.

ಕನ್ನಡದ ಕಥೆ ಇನ್ನೂ ಚಂದ. ವಿಶ್ವಕನ್ನಡ ಅನ್ನೋ ಜಾಲಪತ್ರಿಕೆ 1996ರಲ್ಲೇ ಇಂಟರ್ನೆಟ್ಟಿಗೆ ಬಂದಿತ್ತು. ಆದರೆ ಆಗ ಯೂನಿಕೋಡ್ ಕನ್ನಡ ನಮ್ಮ ಕಂಪ್ಯೂಟರಿನಲ್ಲಿ ಎಲ್ಲಿತ್ತು? ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಇಳಿಸಿಕೊಂಡು ಫಾಂಟ್ಸ್ ಫೋಲ್ಡರಿಗೆ ಹಾಕಬೇಕು. ಹಾಕದಿದ್ದರೆ ಟೋಪಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಮೇಲೆ ಪುಟದ ಜೊತೆಗೇ ಫಾಂಟು ಬರುವ ವ್ಯವಸ್ಥೆ ಬಂತು. ಅದರಲ್ಲೂ ಎರಡು ಬಣ. ನೆಟ್‌ಸ್ಕೇಪಿಗೆ ಪಿಎಫ್‌ಆರ್ ಫೈಲು, ಎಕ್ಸ್‌ಪ್ಲೋರರಿಗೆ ಇಒಟಿ ಫೈಲು. ತಾಣದವರು ಎರಡನ್ನೂ ಇಟ್ಟರೆ ಬಚಾವು, ಒಂದೇ ಇಟ್ಟರೆ ಇನ್ನೊಂದು ಬಣದವರಿಗೆ ಜಾತ್ರೆಯೇ ಗತಿ. ನಮ್ಮನೆಯವರು ಆ ಜಾತ್ರೆ ಪುಟವನ್ನೂ ಪ್ರಿಂಟ್ ತೆಗೆದು ಇಟ್ಟಿದ್ದರು, ಮುಂದೆ ಓದಲು ಬಂದೀತು ಅಂತ.

ಗೋಪಿಸರ್ಕಲ್

ಬ್ರೌಸರ್ ಯಾವುದಾದರೂ ಇರಲಿ, ಅದು ಮನೆಗೆ ಬರುವುದೇ ದೊಡ್ಡ ಕಥೆ ಆಗಿತ್ತಲ್ಲ! ನಾನು ಆಗ ಶಿವಮೊಗ್ಗದ ಒಂದು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆ. ಗಂಟೆಗೆ 60 ರೂಪಾಯಿ. ಜನ ಬ್ರೌಸರ್ ಡೌನ್‌ಲೋಡ್ ಮಾಡಿಸಿಕೊಂಡು ಹೋಗಲು ಫ್ಲಾಪಿ ಹಿಡಿದು ಬರುತ್ತಿದ್ದರು. ಲೆಕ್ಕ ಹಾಕಿ: 15 ಎಂಬಿ ಫೈಲು, ಲೈನಿನಲ್ಲಿ ಸೆಕೆಂಡಿಗೆ 4 ಕೆಬಿ ಬಂದರೆ ಅದೃಷ್ಟ. ಒಂದು ಗಂಟೆ ದಾಟುತ್ತದೆ. ಐವತ್ತನೇ ನಿಮಿಷಕ್ಕೆ ಲೈನ್ ಕಟ್. ಮತ್ತೆ ಮೊದಲಿಂದ. ಮುಗಿದರೂ 1.44 ಎಂಬಿ ಫ್ಲಾಪಿಗೆ ಹನ್ನೊಂದು ತುಂಡು ಮಾಡಿ ತುಂಬಬೇಕು. ಊರಿಗೆ ಹೋಗಿ ಬಿಚ್ಚಿದರೆ ಒಂಬತ್ತನೇ ಫ್ಲಾಪಿ ಓದುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತಿತ್ತು, ಸುಳ್ಳಲ್ಲ.

ಅದಕ್ಕೇ ನನ್ನ ಓಟು ಆಪೆರಾಕ್ಕೆ. ನಾರ್ವೆಯವರದು. ಆಗಿನ 3ನೇ ಆವೃತ್ತಿ ಒಂದೇ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ಇಡೀ ಬ್ರೌಸರ್! ದುಡ್ಡು ಕೊಟ್ಟು ಕೊಳ್ಳಬೇಕಿತ್ತು ನಿಜ, ಮೂವತ್ತು ದಿನ ಪುಕ್ಕಟೆ. ಆ ಮೂವತ್ತು ದಿನವನ್ನು ನಮ್ಮ ಊರಿನವರು ಎಷ್ಟು ವರ್ಷ ಓಡಿಸಿದರು ಅಂತ ಕೇಳಬೇಡಿ.

ಇನ್ನೊಂದು ದಾರಿ ಕಂಪ್ಯೂಟರ್ ಪತ್ರಿಕೆ ಜೊತೆ ಬರುತ್ತಿದ್ದ ಸಿಡಿ. ಪಿಸಿಕ್ವೆಸ್ಟ್, ಚಿಪ್ ಬಂದ ದಿನ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪತ್ರಿಕೆ ಇರುತ್ತಿತ್ತು, ಒಳಗಿನ ಸಿಡಿ ಇರುತ್ತಿರಲಿಲ್ಲ.

ಮೇಷ್ಟ್ರು_ಕೊಪ್ಪ

ನಾನು ಅದಕ್ಕೂ ಹಿಂದಿನವನು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಬೆಂಗಳೂರಿನಲ್ಲಿ ಓದುವಾಗ ನನ್ನದು ವಿದ್ಯಾರ್ಥಿಗಳ ಶೆಲ್ ಅಕೌಂಟು. ಅದರಲ್ಲಿ ಚಿತ್ರವೇ ಇಲ್ಲ, ಕಪ್ಪು ಪರದೆ ಮೇಲೆ ಅಕ್ಷರ ಮಾತ್ರ. ಬ್ರೌಸರ್ ಹೆಸರು ಲಿಂಕ್ಸ್. ಬಾಣದ ಕೀಲಿ ಒತ್ತಿ ಒತ್ತಿ ಓದುವುದು. ಚಿತ್ರ ಇದ್ದ ಕಡೆ ಚೌಕ ಕಂಸದಲ್ಲಿ 'ಇಮೇಜ್' ಅಂತ ಬರೆದಿರುತ್ತಿತ್ತು, ಅದನ್ನೇ ನೋಡಿ ಖುಷಿಪಡಬೇಕು. ಚಾಲಾಕು ಹುಡುಗರು ಸ್ಲರ್ಪ್ ಅನ್ನೋ ಪ್ರೋಗ್ರಾಮ್ ಓಡಿಸಿ ಅದೇ ಅಗ್ಗದ ಅಕೌಂಟಿನಲ್ಲಿ ನೆಟ್‌ಸ್ಕೇಪ್ ನಡೆಸುತ್ತಿದ್ದರು.

ಹಾಳೆಟೋಪಿ

ಎಲ್ಲರಿಗೂ ನಮಸ್ಕಾರ. ಫಾರ್ಮ್ಯಾಟ್ ಮಾಡಲಿಲ್ಲ. ಡಿಸ್ಕ್ ನಕಲು ತೆಗೆದೆ, ಎರಡು ಕಡೆ ಓದಲಿಲ್ಲ, ಉಳಿದದ್ದು ಬಂತು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಮೇಲೆ ವಿಂಡೋಸ್ 95 ಕೂತಿತು. ಈಗ ಇದಕ್ಕೆ ಇಂಟರ್ನೆಟ್ ಕೊಡುವುದು ಹೇಗೆ? ಮನೆಯಲ್ಲಿ ಲ್ಯಾಂಡ್‌ಲೈನೇ ಇಲ್ಲ, ಫೈಬರ್ ಬಂದಿದೆ.

ಕೆಂಪುಮೋಡೆಮ್

ಮೋಡೆಮ್ ಮರೆತುಬಿಡಿ. ಆರ್‌ಟಿಎಲ್ 8139 ಚಿಪ್ ಇರುವ ಪಿಸಿಐ ಲ್ಯಾನ್ ಕಾರ್ಡು ಹುಡುಕಿ. ಹಳೇ ಕಂಪ್ಯೂಟರ್ ಬಿಚ್ಚುವ ಅಂಗಡಿಯಲ್ಲಿ ಡಬ್ಬದ ತುಂಬ ಬಿದ್ದಿರುತ್ತವೆ. ಕಾರ್ಡ್ ಚುಚ್ಚಿ, ವಿಂಡೋಸ್ 95ರ ಡ್ರೈವರ್ ಕೊಡಿ. ಆಮೇಲೆ ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್, ಆ್ಯಡ್, ಪ್ರೋಟೊಕಾಲ್, ಮೈಕ್ರೋಸಾಫ್ಟ್, ಅದರಲ್ಲಿ ಟಿಸಿಪಿ/ಐಪಿ. ನೆಟ್‌ಬಿಯುಐ, ಐಪಿಎಕ್ಸ್ ಅಂತ ಏನಾದರೂ ಕೂತಿದ್ದರೆ ತೆಗೆದುಹಾಕಿ, ಅವು ಬೇರೆ ಕಾಲದ ನೆಂಟರು. ವಿಂಡೋಸ್ ಸಿಡಿ ಕೇಳುತ್ತದೆ, ಕೊಡಿ. ರೀಸ್ಟಾರ್ಟ್ ಮಾಡು ಅನ್ನುತ್ತದೆ, ಮಾಡಿ. ಒಂದು ಅಕ್ಷರ ಬದಲಿಸಿದರೂ ರೀಸ್ಟಾರ್ಟ್ ಕೇಳುವ ಕಾಲ ಅದು. ರೌಟರಿನಿಂದ ತಂತಿ ಎಳೆದರೆ ವಿಳಾಸ ತಾನೇ ಸಿಗುತ್ತದೆ.

ನೆಟ್‌ಸ್ಕೇಪಿನಲ್ಲಿ ದೊಡ್ಡ ಕಮ್ಯುನಿಕೇಟರ್ ಕಟ್ಟು ಬೇಡ, ಇಮೇಲು, ಪುಟ ಬರೆಯುವುದು ಎಲ್ಲ ಸೇರಿ 32 ಎಂಬಿ ರ್‍ಯಾಮಿಗೆ ಭಾರ. ಬರೀ ನ್ಯಾವಿಗೇಟರ್ 4.08 ಹುಡುಕಿ. ಪೆನ್ ಡ್ರೈವ್ ಈ ವಿಂಡೋಸಿಗೆ ಗೊತ್ತಾಗುವುದಿಲ್ಲ. ಆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನೇ ಲ್ಯಾಪ್‌ಟಾಪಿಗೆ ಹಾಕಿ ಫೈಲ್ ನಕಲು ಮಾಡಿ. ಸಿಡಿ ಬರೆಯುವುದಾದರೆ ತೀರಾ ನಿಧಾನದ ವೇಗದಲ್ಲಿ ಬರೆಯಿರಿ, ಹಳೇ ಡ್ರೈವಿನ ಕಣ್ಣು ಮಂಜು. ಮೊದಲ ಸಲ ತೆರೆದಾಗ ಪ್ರೊಫೈಲ್ ಮಾಡು ಅನ್ನುತ್ತದೆ, ಹೆಸರು ಕೊಟ್ಟು ಮುಂದೆ ಹೋಗಿ. ಬ್ಯಾಂಕು, ಇಮೇಲು ಅಂತ ಪಾಸ್‌ವರ್ಡ್ ಮಾತ್ರ ಅಪ್ಪಿತಪ್ಪಿಯೂ ಅದರಲ್ಲಿ ಹೊಡೆಯಬೇಡಿ.

ಹಾಳೆಟೋಪಿ

ನ್ಯಾವಿಗೇಟರ್ ಬಂತು! ಮೂಲೆಯಲ್ಲಿ ಎನ್ ಅಕ್ಷರ, ಅದರ ಮೇಲೆ ಉಲ್ಕೆ ಬೀಳುವುದು. ನನಗೇ ಗಂಟಲು ಕಟ್ಟಿತು, ಮಗಳು "ಇಷ್ಟೇನಾ" ಅಂದಳು.

ಆದರೆ ಯಾವ ತಾಣವೂ ತೆರೆಯುತ್ತಿಲ್ಲ. ಬ್ರೌಸರ್, ತಾಣ ಇಬ್ಬರಿಗೂ ಬರುವ ಗುಪ್ತ ಭಾಷೆ ಒಂದೂ ಇಲ್ಲ ಅನ್ನೋ ಅರ್ಥದ ಸಂದೇಶ ಬರುತ್ತದೆ. ಎಂಟು ತಾಣ ನೋಡಿದೆ.

ಇಂಬಳ

ಅದು ಹಾಗೇ. ಬೀಗದ ಚಿಹ್ನೆಯ ತಾಣ, ಅಂದರೆ ಎಚ್‌ಟಿಟಿಪಿ ಪಕ್ಕ ಎಸ್ ಇರುವವು, ಈಗ ಟಿಎಲ್‌ಎಸ್ 1.2ಕ್ಕಿಂತ ಹಳೆಯ ಗುಪ್ತ ಭಾಷೆ ಮಾತಾಡುವುದಿಲ್ಲ. ನಿಮ್ಮ ನ್ಯಾವಿಗೇಟರಿಗೆ ಅದರ ಹಿಂದಿನ ಭಾಷೆ ಎಸ್‌ಎಸ್‌ಎಲ್ 3 ದಾಟಿ ಬರುವುದಿಲ್ಲ. ತಮಾಷೆ ಅಂದರೆ ಎಸ್‌ಎಸ್‌ಎಲ್ ಹುಟ್ಟಿಸಿದ್ದೇ ನೆಟ್‌ಸ್ಕೇಪಿನವರು. ಅವರು ಮಾಡಿಕೊಟ್ಟ ಬೀಗ ಅವರನ್ನೇ ಹೊರಗೆ ನಿಲ್ಲಿಸಿದೆ.

ಬೀಗ ಇಲ್ಲದ ಪುಟಕ್ಕೆ ಹೋಗಿ. ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್. ಮೊದಲ ವೆಬ್ ತಾಣವನ್ನು ಸರ್ನ್‌ನವರು 2013ರಲ್ಲಿ ಮತ್ತೆ ಅದೇ ವಿಳಾಸಕ್ಕೆ ತಂದಿಟ್ಟಿದ್ದಾರೆ. ಫ್ರಾಗ್‌ಫೈಂಡ್ ಅಂತ ಹಳೇ ಕಂಪ್ಯೂಟರುಗಳಿಗೇ ಮಾಡಿದ ಹುಡುಕುತಾಣವೂ ಇದೆ, ಈಗಿನ ಪುಟಗಳನ್ನು ಬರೀ ಅಕ್ಷರಕ್ಕೆ ಇಳಿಸಿ ಕೊಡುತ್ತದೆ.

ಹಾಳೆಟೋಪಿ

ಸರ್ನ್ ಪುಟ ತೆರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ. ಫೈಬರ್ ವೇಗಕ್ಕೆ ಆ ಉಲ್ಕೆ ಬೀಳಲು ಪುರುಸೊತ್ತೇ ಸಿಗಲಿಲ್ಲ. ಮಗಳು ನೀಲಿ ಅಕ್ಷರ ಒತ್ತಿ ಒತ್ತಿ ಅರ್ಧ ಗಂಟೆ ಕೂತಳು. "ಇದರಲ್ಲಿ ಜಾಹೀರಾತೇ ಇಲ್ವಲ್ಲ" ಅಂದಳು.

ಚಿಕ್ಕಪ್ಪನೂ ಬಂದು ನೋಡಿದರು. ಅವರಿಗೆ 78. "ನನ್ನ ನೆಟ್‌ಸ್ಕೇಪ್ ಹಿಂಗಿರಲಿಲ್ಲ, ಇದರಲ್ಲಿ ಚಿತ್ರ ತಾನೇ ಬರ್ತದೆ" ಅಂದರು. ಏನು ಹೇಳುತ್ತಿದ್ದಾರೋ ಅರ್ಥವಾಗಲಿಲ್ಲ.

ಸಾಗರದಾಕೆ

ನನಗೆ ಅರ್ಥ ಆಯಿತು! ಎಡಿಟ್ ಮೆನು, ಪ್ರೆಫರೆನ್ಸಸ್, ಅಡ್ವಾನ್ಸ್ಡ್. ಅಲ್ಲಿ ಚಿತ್ರಗಳನ್ನು ತಾನೇ ಲೋಡ್ ಮಾಡು ಅನ್ನೋದರ ಮುಂದೆ ಟಿಕ್ ಇರುತ್ತದೆ. ಅದನ್ನು ತೆಗೆದರೆ ಬರೀ ಅಕ್ಷರ ಬರುತ್ತದೆ, ಬೇಕಾದ ಚಿತ್ರವನ್ನು ಮಾತ್ರ ಒತ್ತಿ ತರಿಸಿಕೊಳ್ಳಬಹುದು. ಫೋನ್ ಬಿಲ್ಲು ನೋಡಿದ ಪ್ರತಿಯೊಬ್ಬರೂ ಆ ಟಿಕ್ ತೆಗೆದೇ ಇಡುತ್ತಿದ್ದರು. ನಿಮ್ಮ ಚಿಕ್ಕಪ್ಪ ಯಾವ ಚಿತ್ರ ತರಿಸುತ್ತಿದ್ದರು ಅಂತ ಕೇಳಿ, ಮರ್ಯಾದೆಯಿಂದ ಕೇಳಿ.

ಕೆಂಪುಮೋಡೆಮ್

ಕೇಳುವುದೇ ಬೇಡ. ಡಿಸ್ಕಿನ ನಕಲಿನಲ್ಲಿ ಪ್ರೋಗ್ರಾಮ್ ಫೈಲ್ಸ್, ನೆಟ್‌ಸ್ಕೇಪ್, ಯೂಸರ್ಸ್ ಅಂತ ಹೋಗಿ. ಅವರ ಹೆಸರಿನ ಫೋಲ್ಡರಿನಲ್ಲಿ ಬುಕ್‌ಮಾರ್ಕ್ ಅನ್ನೋ ಎಚ್‌ಟಿಎಂ ಫೈಲು ಇರಬೇಕು. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಂದೊಂದು ವಿಳಾಸದ ಪಕ್ಕದಲ್ಲೂ ಆ್ಯಡ್‌ಡೇಟ್ ಅಂತ ಉದ್ದದ ಸಂಖ್ಯೆ ಇರುತ್ತದೆ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು, ಯಾವಾಗ ಗುರುತು ಹಾಕಿದರು ಅಂತ ಅದರಿಂದ ಗೊತ್ತಾಗುತ್ತದೆ. ಅದೇ ಫೋಲ್ಡರಿನ ಕ್ಯಾಶ್ ಒಳಗೂ ನೋಡಿ, ನೋಡಿದ ಪುಟಗಳ ನಕಲನ್ನು ಬ್ರೌಸರ್ ಅಲ್ಲಿ ಇಟ್ಟಿರುತ್ತದೆ. ಮಾಮೂಲಿ ಸೆಟ್ಟಿಂಗಿನಲ್ಲಿ ಅದಕ್ಕೆ 7680 ಕೆಬಿ ಜಾಗ ಮಾತ್ರ, ಆದ್ದರಿಂದ ಕೊನೆ ಕೊನೆಗೆ ನೋಡಿದ್ದು ಮಾತ್ರ ಉಳಿದಿರುತ್ತದೆ.

ಹಾಳೆಟೋಪಿ

ಬುಕ್‌ಮಾರ್ಕ್ ಸಿಕ್ಕಿತು. ನೆಟ್‌ಸ್ಕೇಪ್ ತಾನೇ ಹಾಕಿಕೊಟ್ಟಿದ್ದ ರಾಶಿ ಬಿಟ್ಟರೆ ಚಿಕ್ಕಪ್ಪ ಹಾಕಿದ್ದು ಒಟ್ಟು ಆರು. ಅದರಲ್ಲಿ ಐದು ಮೋಡದ ಚಿತ್ರದ ಪುಟಗಳು! ಒಂದರ ಸಂಖ್ಯೆ 932320200. ಲೆಕ್ಕ ಹಾಕಿದರೆ 1999ರ ಜುಲೈ 18, ಭಾನುವಾರ, ರಾತ್ರಿ 11 ಗಂಟೆ 20 ನಿಮಿಷ. ಐದರಲ್ಲಿ ಒಂದೂ ಈಗ ತೆರೆಯುವುದಿಲ್ಲ.

ಈಗ ಚಿಕ್ಕಪ್ಪನನ್ನೇ ಕೂರಿಸಿ ಕೇಳಿದೆ. ಔಷಧಿ ಹೊಡೆಯಲಿಕ್ಕೆ ಅಂದರು. ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಅಡಿಕೆಗೆ ಕೊಳೆರೋಗ ಬರಬಾರದು ಅಂದರೆ ಮಳೆಗಾಲದಲ್ಲೇ ಬೋರ್ಡೋ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಹೊತ್ತಿಗೆ, ಮತ್ತೊಂದು ಸಲ ನಲವತ್ತು ನಲವತ್ತೈದು ದಿನ ಬಿಟ್ಟು. ಆ ಎರಡನೇದು ಸರಿಯಾಗಿ ಜುಲೈ ಮಧ್ಯ, ಹೊಯ್ಯುವ ಮಳೆ. ಹೊಡೆದು ಒಣಗಲು ಸ್ವಲ್ಪ ಹೊತ್ತು ಹೊಳವು (ಮಳೆ ಬಿಡುವು) ಸಿಗಬೇಕು. ಸಿಗದಿದ್ದರೆ ಮೈಲುತುತ್ತವೂ ಹೋಯಿತು, ಮರ ಹತ್ತಿದವರ ಕೂಲಿಯೂ ಹೋಯಿತು.

ಆಗ ಮೀಟಿಯೋಸ್ಯಾಟ್-5 ಅನ್ನೋ ಯುರೋಪಿನ ಉಪಗ್ರಹ ಇತ್ತು. ಅದನ್ನು 1998ರಲ್ಲಿ ಹಿಂದೂ ಮಹಾಸಾಗರದ ಮೇಲಕ್ಕೆ ತಂದಿದ್ದರು. ಅದರ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಚಿಕ್ಕಪ್ಪನ ಅಕೌಂಟು ಬೆಂಗಳೂರಿನದು. ರಾತ್ರಿ ಎಸ್‌ಟಿಡಿ ದರ ಇಳಿದ ಮೇಲೆ ಬೆಂಗಳೂರಿಗೆ ಡಯಲ್. 56ಕೆ ಮೋಡೆಮ್ ನಮ್ಮ ಲೈನಿನಲ್ಲಿ 24 ಮುಟ್ಟಿದರೆ ಪುಣ್ಯ. ಪುಟದಲ್ಲಿ ಅಕ್ಷರ ಮಾತ್ರ ಬರಬೇಕು, ಆಮೇಲೆ ಆ ಒಂದು ಚಿತ್ರ ಒತ್ತಬೇಕು, ಅದು ಮೇಲಿಂದ ಕೆಳಗೆ ಒಂದೊಂದೇ ಗೆರೆ ಇಳಿಯುತ್ತದೆ, ಅರಬ್ಬಿ ಸಮುದ್ರ ಕಂಡ ಕೂಡಲೇ ಲೈನ್ ಕಟ್. ಶ್ರೀಲಂಕಾವರೆಗೆ ಯಾವತ್ತೂ ಕಾದಿಲ್ಲವಂತೆ. "ಅಲ್ಲಿನ ಮೋಡ ಕಟ್ಟಿಕೊಂಡು ನನಗೇನು?"

ಗೋಪಿಸರ್ಕಲ್

ನನ್ನ ಆಪೆರಾ ಓಟನ್ನು ವಾಪಸ್ ತಗೊಂಡು ಚಿಕ್ಕಪ್ಪನಿಗೆ ಹಾಕುತ್ತೇನೆ. ಆಮೇಲೆ ಯಾಕೆ ಬಿಟ್ಟರು?

ಹಾಳೆಟೋಪಿ

ಎರಡು ಮೋಡೆಮ್ ಸಿಡಿಲಿಗೆ ಹೋಗಿದ್ದವು. ಗುಡುಗು ಕೇಳಿದ ಕೂಡಲೇ ಓಡಿ ಫೋನಿನ ಪಿನ್ ಕೀಳುವುದು ಚಿಕ್ಕಮ್ಮನ ಕೆಲಸ ಆಗಿತ್ತು. 2001ರ ಆಗಸ್ಟಿನಲ್ಲಿ ಮರ ಬಿದ್ದು ಲೈನೇ ಹೋಯಿತು. ಲೈನ್ ಬಂದ ಮೇಲೆ ಹಿಂಗಾರಿನ ಮೊದಲ ಗುಡುಗಿಗೆ ಮೂರನೇ ಮೋಡೆಮ್ಮೂ ಹೋಯಿತು. ಆ ದಿನ ಚಿಕ್ಕಮ್ಮ ತವರಿನಲ್ಲಿದ್ದರಂತೆ. ಕಂಪ್ಯೂಟರ್ ಅಟ್ಟ ಹತ್ತಿತು.

ಕ್ಯಾಶ್ ಕೂಡ ನೋಡಿದೆ. ಸಣ್ಣ ಸಣ್ಣ ಫೋಲ್ಡರ್, ಎಲ್ಲದರಲ್ಲೂ ಎಂ ಅಕ್ಷರದಿಂದ ಶುರುವಾಗುವ ತಲೆಬುಡ ಇಲ್ಲದ ಹೆಸರು. ಹೆಚ್ಚಿನವು ಗುಂಡಿ, ಗೆರೆ, ಜಾಹೀರಾತಿನ ತುಂಡು. ಒಂದು ಜೆಪೆಗ್ ಮಾತ್ರ ದೊಡ್ಡದು. ತಾರೀಖು 2001ರ ಆಗಸ್ಟ್ 2. ಅರ್ಧಕ್ಕೇ ನಿಂತಿದೆ. ಮೇಲೆ ಹಿಮಾಲಯ, ಕೆಳಗೆ ಗೋವಾದವರೆಗೆ ದಪ್ಪ ಬಿಳಿ ಮೋಡ, ಅದರ ಕೆಳಗೆ ಬರೀ ಬೂದು ಬಣ್ಣ.

ಪರದೆ ತುಂಬ ದೊಡ್ಡದು ಮಾಡಿ ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ತುಂಬಾ ಹೊತ್ತು ನೋಡಿದರು. "ನಾಳೆ ಹೊಡೆಯೋದು ಬೇಡ" ಅಂದು ಎದ್ದು ಹೋದರು.

ಸಾಗರದಾಕೆ

ಆ ಚಿತ್ರ ಇಲ್ಲಿ ಹಾಕಿ ಮಾರಾಯ್ರೆ.

ಹಾಳೆಟೋಪಿ

ಹಾಕುತ್ತೇನೆ. ಮಧ್ಯಾಹ್ನದಿಂದ ಕರೆಂಟ್ ಇಲ್ಲ, ಈಗ ಗುಡುಗೂ ಶುರುವಾಯಿತು. ರೌಟರ್ ಪಿನ್ ಕಿತ್ತಿದ್ದಾರೆ ಚಿಕ್ಕಮ್ಮ. ಫೈಬರಿಗೆ ಸಿಡಿಲು ಹರಿಯುವುದಿಲ್ಲ ಅಂದರೆ ಕೇಳುವುದಿಲ್ಲ.

ಕೆಂಪುಮೋಡೆಮ್

ಫೈಬರಿಗೆ ಹರಿಯಲ್ಲ, ರೌಟರಿನ ಕರೆಂಟು ವೈರಿಗೆ ಹರಿಯುತ್ತದೆ. ಚಿಕ್ಕಮ್ಮ ಸರಿ.